ಮೊದಲು ಓದಿ, ಆಮೇಲೆ ಕೊಳ್ಳಿ: ರೋಮನ್ ಬೆಳ್ಳಿ ನಾಣ್ಯ ಸಂಗ್ರಹಿಸುವವರಿಗೊಂದು ಮಾರ್ಗದರ್ಶಿ

ನನ್ನ ಮೇಜಿನ ಮೇಲೆ ಈಗ ಒಂದು ಬೆಳ್ಳಿ ನಾಣ್ಯ ಇದೆ. ತೂಕ 3.21 ಗ್ರಾಂ, ಅಡ್ಡಳತೆ 18 ಮಿಲಿಮೀಟರ್. ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ಆದರೆ ದಪ್ಪ. ಸರಿಯಾಗಿ ದುಂಡಗೂ ಇಲ್ಲ. ಒಂದು ಕಡೆ ಅಂಚು ಸ್ವಲ್ಪ ಬಿರಿದಿದೆ, ಸುತ್ತಿಗೆ ಏಟು ಬಿದ್ದಾಗ ಆದದ್ದು. ಮುಂಬದಿಯಲ್ಲಿ ಚೂಪು ಮೂಗಿನ, ಹಣೆಯ ಮೇಲೆ ಕೂದಲು ಬಾಚಿದ ಒಬ್ಬ ಮನುಷ್ಯ. ಅದು ಟ್ರಾಜನ್ ಚಕ್ರವರ್ತಿ. ಅವನು ಆಳಿದ್ದು ಕ್ರಿ.ಶ. 98ರಿಂದ 117ರವರೆಗೆ.

ತಲೆಯ ಸುತ್ತ ಅಕ್ಷರಗಳಿವೆ: ಐಎಂಪಿ ಟ್ರಾಯಾನೊ ಎವಿಜಿ ಜಿಇಆರ್ ಡಿಎಸಿ ಪಿಎಂ ಟಿಆರ್‌ಪಿ. ಹಿಂಬದಿಯಲ್ಲಿ: ಸಿಓಎಸ್ ವಿ ಪಿಪಿ ಎಸ್‌ಪಿಕ್ಯೂಆರ್ ಆಪ್ಟಿಮೊ ಪ್ರಿಂಕ್. ಮೊದಲ ಸಲ ನೋಡಿದಾಗ ಇದು ಗೋಜಲು. ಒಂದೊಂದೇ ಬಿಡಿಸಿದರೆ ಬಾಗಿಲು ತೆರೆದ ಹಾಗೆ. ಲ್ಯಾಟಿನ್ನಿನ ಹಳೆಯ ಬರಹದಲ್ಲಿ ಯು ಬದಲು ವಿ ಬರೆಯುತ್ತಿದ್ದರು, ಹಾಗಾಗಿ ಎವಿಜಿ ಅಂದರೆ ಆಗಸ್ಟಸ್, ಚಕ್ರವರ್ತಿಗಳ ಬಿರುದು. ಐಎಂಪಿ ಅಂದರೆ ಇಂಪರೇಟರ್, ಅದೂ ಚಕ್ರವರ್ತಿಯ ಬಿರುದೇ. ಜಿಇಆರ್, ಡಿಎಸಿ ಅಂದರೆ ಜರ್ಮನರನ್ನೂ ಡೇಸಿಯಾದವರನ್ನೂ (ಈಗಿನ ರೊಮೇನಿಯಾದ ಕಡೆಯವರು) ಗೆದ್ದವನು. ಪಿಎಂ ಅಂದರೆ ಪ್ರಧಾನ ಪುರೋಹಿತ. ಟಿಆರ್‌ಪಿ ಅಂದರೆ ಜನರ ಪ್ರತಿನಿಧಿಯ (ಟ್ರಿಬ್ಯೂನ್) ಅಧಿಕಾರ ಉಳ್ಳವನು. ಸಿಓಎಸ್ ವಿ ಅಂದರೆ ಐದನೇ ಬಾರಿಗೆ ಕಾನ್ಸಲ್, ರೋಮಿನ ಒಂದು ಉನ್ನತ ಹುದ್ದೆ. ಪಿಪಿ ಅಂದರೆ ನಾಡಿನ ತಂದೆ. ಎಸ್‌ಪಿಕ್ಯೂಆರ್ ಅಂದರೆ ಸೆನೆಟ್ ಮತ್ತು ರೋಮಿನ ಜನ.

ಇನ್ನೊಂದು ವಿಷಯ ಗಮನಿಸಿ. ಟ್ರಾಯಾನೊ, ಆಪ್ಟಿಮೊ ಎರಡೂ ನಮ್ಮ ಚತುರ್ಥಿ ವಿಭಕ್ತಿ ಇದ್ದ ಹಾಗೆ: ಟ್ರಾಜನ್‌ನಿಗೆ, ಅತ್ಯುತ್ತಮನಿಗೆ. ಅಂದರೆ ಎರಡೂ ಬದಿ ಸೇರಿ ಒಂದೇ ವಾಕ್ಯ. "ಅತ್ಯುತ್ತಮ ದೊರೆ ಟ್ರಾಜನ್‌ನಿಗೆ, ಸೆನೆಟ್ ಮತ್ತು ರೋಮಿನ ಜನರಿಂದ." ಮುಂಬದಿಯಲ್ಲಿ ಶುರುವಾಗಿ, ನಾಣ್ಯ ತಿರುಗಿಸಿದ ಮೇಲೆ ಮುಗಿಯುತ್ತದೆ. ಟ್ರಾಜನ್ ಐದನೇ ಸಲ ಕಾನ್ಸಲ್ ಆದದ್ದು 103ರಲ್ಲಿ, ಆರನೇ ಸಲ 112ರಲ್ಲಿ. ಹಾಗಾಗಿ ಈ ನಾಣ್ಯ ಹುಟ್ಟಿದ್ದು 103 ಮತ್ತು 111ರ ನಡುವೆ. ಇದನ್ನು ನನಗೆ ಹೇಳಿದ್ದು ನಾಣ್ಯವೇ.

ರೋಮನ್ ಬೆಳ್ಳಿ ನಾಣ್ಯ ಸಂಗ್ರಹಿಸಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹಣ ಖರ್ಚು ಮಾಡುವ ಮೊದಲು ಓದಲು ಕಲಿಯಿರಿ. ಒಂದು ತಿಂಗಳು ಸುಮ್ನೆ ಚಿತ್ರ ನೋಡಿ ಓದಿದರೆ ಸಾಕು. ಮುಂದಿನ ಹತ್ತು ತಪ್ಪುಗಳು ತಪ್ಪುತ್ತವೆ.

ಮೊದಲ ಹೆಜ್ಜೆ: ಯಾವ ನಾಣ್ಯ ಯಾವುದು

ರೋಮಿನ ಮುಖ್ಯ ಬೆಳ್ಳಿ ನಾಣ್ಯದ ಹೆಸರು ಡಿನೇರಿಯಸ್. ಉತ್ತರ ಆಫ್ರಿಕಾದ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಸುಮಾರು ಕ್ರಿ.ಪೂ. 211ರಲ್ಲಿ ಇದು ಶುರುವಾಯಿತು. ಆಗ ಒಂದಕ್ಕೆ ಸುಮಾರು ನಾಲ್ಕೂವರೆ ಗ್ರಾಂ ಬೆಳ್ಳಿ. ನಾವು ಹಳೆಯ ಬರಹಗಳಲ್ಲಿ ಕಾಣುವ 'ದೀನಾರ' ಅನ್ನುವ ಪದ ಬಂದದ್ದೂ ಇಲ್ಲಿಂದಲೇ.

ಡಿನೇರಿಯಸ್ಸಿನ ಕಥೆ ಅಂದರೆ ಬೆಳ್ಳಿ ಕರಗುತ್ತಾ ಹೋದ ಕಥೆ. ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ಹೆಚ್ಚು ಕಡಿಮೆ ಶುದ್ಧ ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ತೂಕವನ್ನೂ ಇಳಿಸಿದ, ತಾಮ್ರವನ್ನೂ ಬೆರೆಸಿದ. ಸೆಪ್ಟಿಮಿಯಸ್ ಸೆವೆರಸ್ (193–211) ಕಾಲಕ್ಕೆ ಹತ್ತಿರ ಹತ್ತಿರ ಅರ್ಧ ಬೆಳ್ಳಿ, ಅರ್ಧ ತಾಮ್ರ. 215ರಲ್ಲಿ ಕ್ಯಾರಕಲ್ಲಾ ಒಂದು ಹೊಸ ನಾಣ್ಯ ತಂದ. ಇದನ್ನು ಈಗ ಆಂಟೋನಿನಿಯಾನಸ್ ಅನ್ನುತ್ತಾರೆ. ದೊರೆಯ ತಲೆಯ ಮೇಲೆ ಸೂರ್ಯನ ಕಿರಣದಂಥ ಮುಳ್ಳಿನ ಕಿರೀಟ ಇದ್ದರೆ ಅದು ಆಂಟೋನಿನಿಯಾನಸ್, ಎಲೆಯ ಹಾರ ಇದ್ದರೆ ಡಿನೇರಿಯಸ್. ಬೆಲೆ ಎರಡು ಡಿನೇರಿಯಸ್ಸಿನದು ಅಂತ ವಿದ್ವಾಂಸರ ಅಂದಾಜು, ಒಳಗಿದ್ದ ಬೆಳ್ಳಿ ಮಾತ್ರ ಒಂದೂವರೆಯಷ್ಟು. ಐವತ್ತು ವರ್ಷದಲ್ಲಿ ಅದೂ ಕೆಟ್ಟಿತು. ಗ್ಯಾಲಿಯೆನಸ್‌ನ ಕೊನೆಯ ವರ್ಷಗಳಲ್ಲಿ, ಅಂದರೆ 260ರ ದಶಕದಲ್ಲಿ, ಅದು ಬೆಳ್ಳಿಯ ತೆಳು ಪೊರೆ ಹೊದ್ದ ತಾಮ್ರ. ಸುಮಾರು 294ರಲ್ಲಿ ಡಯೋಕ್ಲೆಟಿಯನ್ ಮತ್ತೆ ಒಳ್ಳೆಯ ಬೆಳ್ಳಿ ನಾಣ್ಯ ತಂದ, ಅದು ಆರ್ಜೆಂಟಿಯಸ್. ನಾಲ್ಕನೇ ಶತಮಾನದ ತೆಳ್ಳಗಿನ ಬೆಳ್ಳಿ ನಾಣ್ಯಕ್ಕೆ ಸಿಲಿಕ್ವಾ ಅಂತ ಹೆಸರು. ಇವೆರಡೂ ಶುರುವಿನಲ್ಲಿ ಬೇಡ, ದುಬಾರಿ.

ಎರಡನೇ ಹೆಜ್ಜೆ: ಒಂದು ಎಳೆ ಹಿಡಿಯಿರಿ

ಸಿಕ್ಕಿದ್ದೆಲ್ಲ ಕೊಂಡರೆ ಅದು ಸಂಗ್ರಹ ಆಗುವುದಿಲ್ಲ, ಚಿಲ್ಲರೆ ಡಬ್ಬಿ ಆಗುತ್ತದೆ. ಎಲ್ಲ ಚಕ್ರವರ್ತಿಗಳದೂ ಒಂದೊಂದು ಬೇಕು ಅಂತ ಹೊರಡುವವರು ಜಾಸ್ತಿ. ಆದರೆ ಕೆಲವೇ ತಿಂಗಳು ಆಳಿದ ಪರ್ಟಿನಾಕ್ಸ್, ಡಿಡಿಯಸ್ ಜೂಲಿಯಾನಸ್ ಅಂಥವರ ಹತ್ತಿರ ಬಂದಾಗ ಆ ದಾರಿ ನಿಂತುಬಿಡುತ್ತದೆ. ಅವರ ನಾಣ್ಯ ಅಪರೂಪ, ಬೆಲೆಯೂ ಹಾಗೇ.

ನನಗೆ ಇಷ್ಟವಾದ ಎಳೆ ಬೆಳ್ಳಿ ಕರಗಿದ ಕಥೆಯೇ. ನಾಲ್ಕು ನಾಣ್ಯ ಸಾಕು: ಟ್ರಾಜನ್ ಇಲ್ಲವೇ ಆಂಟೋನಿನಸ್ ಪಯಸ್‌ನ ಒಂದು ಡಿನೇರಿಯಸ್, ಸೆವೆರಸ್ ಅಥವಾ ಅವನ ಹೆಂಡತಿ ಜೂಲಿಯಾ ಡೊಮ್ನಾಳ ಒಂದು, ಮೂರನೇ ಗಾರ್ಡಿಯನ್‌ನ (238–244) ಆಂಟೋನಿನಿಯಾನಸ್ ಒಂದು, ಗ್ಯಾಲಿಯೆನಸ್‌ನದು ಒಂದು. ನಾಲ್ಕೂ ಸುಲಭವಾಗಿ ಸಿಗುತ್ತವೆ, ಸಾಮಾನ್ಯ ಸ್ಥಿತಿಯವು ಕೈಗೆಟುಕುವ ಬೆಲೆಯವು. ಸಾಲಾಗಿ ಇಟ್ಟು ನೋಡಿ. ಬಿಳಿ ಬೆಳ್ಳಿ, ಬೂದು ಬೆಳ್ಳಿ, ಮಂಕು ಬೆಳ್ಳಿ, ಕೊನೆಗೆ ಕಂದು ತಾಮ್ರ. ಒಂದು ಸಾಮ್ರಾಜ್ಯದ ಬೊಕ್ಕಸ ಬರಿದಾದದ್ದು ಕಣ್ಣಿಗೇ ಕಾಣುತ್ತದೆ. ಗ್ಯಾಲಿಯೆನಸ್ ಕೊನೆಯಲ್ಲಿ ಜಿಂಕೆ, ಸಾರಂಗ, ಅಶ್ವಮಾನವರ ಚಿತ್ರವಿರುವ ಸಣ್ಣ ನಾಣ್ಯಗಳನ್ನು ಅಚ್ಚು ಹಾಕಿಸಿದ. ಮಕ್ಕಳಿಗೆ ತೋರಿಸಲು ಅವೇ ಚೆಂದ.

ಇನ್ನೊಂದು ಎಳೆ ನಮಗೆ ಹತ್ತಿರದ್ದು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸದ ವೇಳೆ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ಎಚ್‌ಎಎಲ್ ಪ್ರದೇಶದಲ್ಲಿ ಇನ್ನೂ 256. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಡಿನೇರಿಯಸ್ ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಬಹುಪಾಲು ಎರಡೇ ಬಗೆ. ಒಂದು ಆಗಸ್ಟಸ್‌ನದು, ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತಿರುತ್ತಾರೆ. ಇನ್ನೊಂದು ಟೈಬೀರಿಯಸ್‌ನದು, ಹಿಂಬದಿಯಲ್ಲಿ ಕೂತ ಹೆಂಗಸು. ಅವಳು ಅವನ ತಾಯಿ ಲಿವಿಯಾ ಅಂತ ಸಾಮಾನ್ಯ ನಂಬಿಕೆ. ಎರಡೂ ಈಗಿನ ಫ್ರಾನ್ಸಿನ ಲಿಯೋನ್ ಊರಿನ ಟಂಕಸಾಲೆಯಲ್ಲಿ ಹುಟ್ಟಿದವು. ಮೆಣಸು, ಹತ್ತಿ ಬಟ್ಟೆ, ರತ್ನಗಳಿಗಾಗಿ ಹಡಗು ಹತ್ತಿ ಬಂದವು. ನೀರೋ ಬೆಳ್ಳಿ ಇಳಿಸಿದ ಮೇಲಿನ ನಾಣ್ಯಗಳು ಇಲ್ಲಿ ತುಂಬಾ ಕಡಿಮೆ. ನಮ್ಮ ವರ್ತಕರು ಒಳ್ಳೆಯ ಬೆಳ್ಳಿ ಯಾವುದು ಅಂತ ಬಲ್ಲವರಾಗಿದ್ದರು, ಅಲ್ವಾ?

ಟೈಬೀರಿಯಸ್‌ನ ನಾಣ್ಯ ಕೊಳ್ಳುವವರು ಒಂದು ತಿಳಿದಿರಲಿ. ಬೈಬಲಿನಲ್ಲಿ "ಕೈಸರನದನ್ನು ಕೈಸರನಿಗೆ" ಅನ್ನುವಾಗ ತೋರಿಸಿದ ನಾಣ್ಯ ಇದೇ ಅಂತ ಅದಕ್ಕೆ 'ಟ್ರಿಬ್ಯೂಟ್ ಪೆನ್ನಿ' ಅನ್ನುವ ಹೆಸರಿದೆ. ಆ ಹೆಸರಿಗೇ ಬೆಲೆ ಎರಡು ಪಟ್ಟು, ಮೂರು ಪಟ್ಟು. ಖೋಟಾ ಮಾಡುವವರಿಗೂ ಅದರ ಮೇಲೇ ಕಣ್ಣು.

ಮೂರನೇ ಹೆಜ್ಜೆ: ಕಾನೂನು

ಇದನ್ನು ಓದದೆ ಮುಂದೆ ಹೋಗಬೇಡಿ.

ಭಾರತದಲ್ಲಿ ನೂರು ವರ್ಷ ಮೀರಿದ ಯಾವುದೇ ನಾಣ್ಯ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಪುರಾವಸ್ತು. ಅವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಬೇಕು. ಖಾಸಗಿ ವ್ಯಕ್ತಿ ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಹೊರದೇಶದಿಂದ ಕೊಂಡು ತರಿಸಿದ ನಾಣ್ಯವೂ ಇಲ್ಲಿಗೆ ಬಂದ ಮೇಲೆ ಇದೇ ಕಾಯ್ದೆಯ ಕೆಳಗೆ ಬರುತ್ತದೆ. ಆಮೇಲೆ ಲಂಡನ್ನಿನಲ್ಲಿ ಹರಾಜಿಗೆ ಹಾಕ್ತೀನಿ ಅಂದುಕೊಂಡು ಕೊಳ್ಳಬೇಡಿ. ತರಿಸುವ ಮೊದಲು ಸುಂಕ ಮತ್ತು ಕಾಗದಪತ್ರದ ಬಗ್ಗೆ ಕಸ್ಟಮ್ಸ್ ಏಜೆಂಟರನ್ನು ಕೇಳಿ. ಪಾರ್ಸೆಲ್ ಮೇಲೆ 'ಗಿಫ್ಟ್' ಅಂತ ಬರೆದು ಕಳಿಸ್ತೀನಿ ಅನ್ನುವ ಮಾರಾಟಗಾರನಿಗೆ ಅಲ್ಲೇ ಬೇಡ ಅನ್ನಿ.

ನೆಲದಲ್ಲಿ ಸಿಕ್ಕಿದ್ದರ ಮಾತು ಬೇರೆಯೇ. ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ದೇಶಕ್ಕೆ 1878ರ ಕಾಯ್ದೆ ಇದೆ, ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆ ಇದೆ. ಸಂತೆಯಲ್ಲೋ ವಾಟ್ಸಾಪ್‌ನಲ್ಲೋ ಯಾರಾದರೂ "ನಮ್ಮ ಹೊಲದಲ್ಲಿ ಸಿಕ್ಕಿದ್ದು ಸಾರ್" ಅಂತ ನಾಣ್ಯ ತೋರಿಸಿದರೆ ಎರಡರಲ್ಲಿ ಒಂದು. ಖೋಟಾ ಆಗಿದ್ದರೆ ನಿಮ್ಮ ದುಡ್ಡು ಹೋಯಿತು. ಅಸಲಿ ಆಗಿದ್ದರೆ ಇತಿಹಾಸ ಹೋಯಿತು. ಯಶವಂತಪುರದ 163 ನಾಣ್ಯ ಒಟ್ಟಿಗೆ ದಾಖಲಾದ್ದರಿಂದಲೇ ಬೆಂಗಳೂರಿನ ನೆಲಕ್ಕೂ ರೋಮಿಗೂ ನಂಟಿತ್ತು ಅಂತ ನಮಗೆ ಗೊತ್ತು. ಅವನ್ನು ಒಂದೊಂದಾಗಿ ಮಾರಿಬಿಟ್ಟಿದ್ದರೆ? ಎಲ್ಲೋ ಯಾರದೋ ಡಬ್ಬಿಯಲ್ಲಿ ಊರಿಲ್ಲದ ಬೆಳ್ಳಿ ಚೂರುಗಳಾಗಿ ಉಳಿಯುತ್ತಿದ್ದವು.

ಹೊರದೇಶದಲ್ಲಿರುವ ಕನ್ನಡಿಗರಿಗೆ ಅಲ್ಲಿನ ನಿಯಮ ಅನ್ವಯ. ಬ್ರಿಟನ್ನಿನಲ್ಲಿ ಕೊಳ್ಳುವುದು ಮಾರುವುದು ಸಲೀಸು. ಅಲ್ಲಿ ನಿಧಿ ಸಿಕ್ಕವರು ತಿಳಿಸುವ ವ್ಯವಸ್ಥೆಯೂ ಚೆನ್ನಾಗಿದೆ. 1992ರಲ್ಲಿ ಸಫೊಕ್‌ನ ಹಾಕ್ಸ್‌ನೆ ಹಳ್ಳಿಯಲ್ಲಿ ಕಳೆದುಹೋದ ಸುತ್ತಿಗೆ ಹುಡುಕುತ್ತಿದ್ದವರಿಗೆ 14,000ಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅವರು ತಾವೇ ಎಲ್ಲ ಅಗೆದು ತೆಗೆಯದೆ ಸುದ್ದಿ ಮುಟ್ಟಿಸಿದರು. ತಜ್ಞರು ಬಂದು ಪದರ ಪದರವಾಗಿ ತೆಗೆದರು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಾಲ್ಕನೇ ಹೆಜ್ಜೆ: ಎಲ್ಲಿ, ಹೇಗೆ ಕೊಳ್ಳುವುದು

ಹೆಸರಿರುವ, ಅಸಲಿತನಕ್ಕೆ ಜೀವಮಾನದ ಖಾತರಿ ಬರೆದುಕೊಡುವ ವ್ಯಾಪಾರಿಯಿಂದ ಮಾತ್ರ ಕೊಳ್ಳಿ. ಶುರುವಿನಲ್ಲಿ ಹತ್ತು ಪರ್ಸೆಂಟ್ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಆ ಹತ್ತು ಪರ್ಸೆಂಟ್ ನಿಮ್ಮ ಶಾಲೆಯ ಫೀಸು.

ಹರಾಜಿಗೆ ಹೋಗುವುದಾದರೆ ಲೆಕ್ಕ ಮೊದಲೇ ಹಾಕಿ. ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್ ಇರುತ್ತದೆ, ಸಾಮಾನ್ಯವಾಗಿ ಶೇಕಡ 20ರ ಆಚೆ ಈಚೆ. ಅದರ ಮೇಲೆ ಸಾಗಣೆ, ವಿಮೆ, ಸುಂಕ. ನೂರು ಯೂರೋ ಅಂತ ಕೈ ಎತ್ತಿದ್ದು ಮನೆಗೆ ಬರುವಷ್ಟರಲ್ಲಿ ನೂರೈವತ್ತು ಆಗಬಹುದು. ನಾನು ಹರಾಜಿನ ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ನನ್ನ ಕೊನೆಯ ಬೆಲೆ ಬರೆದಿಡುತ್ತೇನೆ. ಹರಾಜು ನಡೆಯುವಾಗ ಆ ಚೀಟಿಯನ್ನು ತಿದ್ದುವುದಿಲ್ಲ.

ಬೆಲೆ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಇದು ಎಲ್ಲಿಂದ ಬಂತು? ಹಿಂದೆ ಯಾರ ಸಂಗ್ರಹದಲ್ಲಿತ್ತು, ಯಾವ ವರ್ಷದ ಯಾವ ಹರಾಜಿನಲ್ಲಿ ಮಾರಾಟವಾಯಿತು? ಹಳೆಯ ಚೀಟಿ, ಹಳೆಯ ಬಿಲ್ಲು, ಹಳೆಯ ಕ್ಯಾಟಲಾಗ್ ಚಿತ್ರ, ಏನಾದರೂ ಇದೆಯೇ? ಪುರಾವಸ್ತುಗಳ ಕಳ್ಳಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದ ಆದದ್ದು 1970ರಲ್ಲಿ. ಅದಕ್ಕಿಂತ ಹಳೆಯ ದಾಖಲೆ ಇದ್ದರೆ ಬಹಳ ಒಳ್ಳೆಯದು.

ದಾಖಲೆ ಸುಳ್ಳಾದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ಇದೆ. ಸೀಸರ್‌ನನ್ನು ಕೊಂದ ಬ್ರೂಟಸ್, ಆ ಕೊಲೆಯ ನೆನಪಿಗೇ ನಾಣ್ಯ ಹಾಕಿಸಿದ: ಎರಡು ಬಾಕು, ನಡುವೆ ಬಿಡುಗಡೆಯ ಟೋಪಿ, ಕೆಳಗೆ ಮಾರ್ಚ್ 15ರ ಹೆಸರು. ಅದರ ಬೆಳ್ಳಿ ನಾಣ್ಯವೇ ಅಪರೂಪ, ಚಿನ್ನದ್ದು ಬೆರಳೆಣಿಕೆ. ಅಂಥ ಒಂದು ಚಿನ್ನದ ನಾಣ್ಯ 2020ರಲ್ಲಿ ಲಂಡನ್ನಿನಲ್ಲಿ ಸುಮಾರು 42 ಲಕ್ಷ ಡಾಲರಿಗೆ ಹೋಯಿತು. ಹಿಂದಿನ ಮಾಲೀಕತ್ವದ ಕಥೆ ಕಟ್ಟಿದ್ದು ಅಂತ ಆಮೇಲೆ ಬಯಲಾಯಿತು. 2023ರಲ್ಲಿ ನಾಣ್ಯ ಗ್ರೀಸಿಗೆ ವಾಪಸ್ ಹೋಯಿತು.

ಐದನೇ ಹೆಜ್ಜೆ: ಖೋಟಾ ಹಿಡಿಯುವುದು

ನಾನು ಶುರು ಮಾಡಿದ ವರ್ಷ ಒಂದು ಆನ್‌ಲೈನ್ ಮಾರಾಟಗಾರನಿಂದ ಎರಡು ಟೈಬೀರಿಯಸ್ ಕೊಂಡೆ. ಬೆಲೆ ಕಡಿಮೆ ಇತ್ತು, ಚಿತ್ರ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದೆ. ಎರಡರಲ್ಲೂ ಕಿವಿಯ ಕೆಳಗೆ ಒಂದೇ ಜಾಗದಲ್ಲಿ ಒಂದೇ ಆಕಾರದ ಗೀರು. ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ನಾಣ್ಯದ ಮುಖ ಒಂದೇ ಇರಬಹುದು. ಆದರೆ ಸವೆದದ್ದು, ಗೀರಿದ್ದು, ಅಂಚು ಬಿರಿದದ್ದು ಒಂದೇ ಥರ ಇರಲು ಸಾಧ್ಯವಿಲ್ಲ. ಅವೆರಡೂ ಒಂದೇ ನಾಣ್ಯದಿಂದ ತೆಗೆದ ಎರಕಗಳು. ತೂಕ ಒಂದು 2.7, ಇನ್ನೊಂದು 2.8 ಗ್ರಾಂ. ಅಸಲಿ ಸುಮಾರು 3.7 ಇರಬೇಕು. ಆ ದಿನ ತುಂಬಾ ನೋವಾಯಿತು. ಇವತ್ತಿಗೂ ಅವೆರಡನ್ನೂ ಇಟ್ಟುಕೊಂಡಿದ್ದೇನೆ. ಹೊಸಬರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ನೋಡುವ ಕ್ರಮ ಹೀಗಿರಲಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತಗೊಳ್ಳಿ. ಮೊದಲು ಅಂಚು. ಸುತ್ತಲೂ ತೆಳು ಗೆರೆ ಇದ್ದರೆ, ಅಥವಾ ಆ ಗೆರೆ ಅಳಿಸಲು ಅರ ಹಾಕಿದ ಗುರುತಿದ್ದರೆ, ಅದು ಎರಡು ಅರ್ಧ ಅಚ್ಚಿನಲ್ಲಿ ಹೊಯ್ದದ್ದು. ಆಮೇಲೆ ಮೈ. ಸುತ್ತಿಗೆ ಏಟಿನಲ್ಲಿ ಹುಟ್ಟಿದ ನಾಣ್ಯದಲ್ಲಿ ಅಕ್ಷರಗಳ ಬುಡ ಚೂಪಾಗಿರುತ್ತದೆ. ಲೋಹ ಹರಿದ ಸಣ್ಣ ಗೆರೆಗಳು ಅಂಚಿನ ಕಡೆಗೆ ಓಡುತ್ತಿರುತ್ತವೆ. ಎರಕದ್ದರಲ್ಲಿ ಎಲ್ಲವೂ ಸೋಪು ತೊಳೆದ ಹಾಗೆ ನುಣುಪು, ನಡುನಡುವೆ ಸಣ್ಣ ಗುಳ್ಳೆ. ಕೊನೆಗೆ ತೂಕ. 0.01 ಗ್ರಾಂವರೆಗೆ ತೋರಿಸುವ ಜೇಬು ತಕ್ಕಡಿ ಸಾಕು.

ಆದರೆ ಎಲ್ಲ ಖೋಟಾವೂ ಎರಕವಲ್ಲ. ಹೊಸ ಅಚ್ಚು ಕೊರೆದು, ಒಳ್ಳೆಯ ಬೆಳ್ಳಿಯ ಮೇಲೆ ಏಟು ಹಾಕಿ ಮಾಡಿದವೂ ಇವೆ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಮಾಡಿದ ಖೋಟಾಗಳಿಗೆ ದೊಡ್ಡ ದೊಡ್ಡವರೇ ಮೋಸ ಹೋದರು. ಇವಕ್ಕೆ ಅಂಚು, ತೂಕ ಸಾಲದು. ಅಸಲಿ ನಾಣ್ಯಗಳ ಚಿತ್ರಗಳನ್ನು ನೂರಾರು ನೋಡಿ ಅಕ್ಷರದ ಶೈಲಿ ಕಣ್ಣಿಗೆ ಹಿಡಿಸಿಕೊಳ್ಳಬೇಕು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಓಸಿಆರ್‌ಇ ಅನ್ನುವ ತಾಣದಲ್ಲಿ ಚಕ್ರವರ್ತಿಗಳ ಕಾಲದ ನಾಣ್ಯಗಳ ಪಟ್ಟಿ, ಚಿತ್ರ ಎಲ್ಲ ಉಚಿತ. ದಿನಾ ಹದಿನೈದು ನಿಮಿಷ ಕೊಡಿ.

ರೋಮಿನ ಕಾಲದಲ್ಲೇ ಖೋಟಾ ಮಾಡುವವರಿದ್ದರು. ತಾಮ್ರದ ಬಿಲ್ಲೆಗೆ ಬೆಳ್ಳಿ ತಗಡು ಹೊದಿಸಿ ಅಚ್ಚು ಹಾಕುತ್ತಿದ್ದರು. ಇದಕ್ಕೆ ಫೂರೆ ಅನ್ನುತ್ತಾರೆ. ಬೆಳ್ಳಿ ಎದ್ದ ಕಡೆ ಹಸಿರು ಅಥವಾ ಕಂದು ಇಣುಕುತ್ತದೆ. ಇದು ಹಳೆಯದೇ, ಸಂಗ್ರಹಕ್ಕೂ ಯೋಗ್ಯ. ಆದರೆ ಬೆಲೆ ಅದಕ್ಕೆ ತಕ್ಕಂತೆ ಕಡಿಮೆ ಇರಬೇಕು.

ನೀರಿನಲ್ಲಿ ತೂಗುವ ಪರೀಕ್ಷೆ ಬಗ್ಗೆ ಹಲವರು ಕೇಳುತ್ತಾರೆ. ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಎಷ್ಟು ತೂಕ ಕಡಿಮೆಯಾಯಿತು ಅಂತ ನೋಡುವುದು. 3.20 ಗ್ರಾಂನ ಒಳ್ಳೆಯ ಬೆಳ್ಳಿ ನಾಣ್ಯ ಸುಮಾರು 0.31 ಗ್ರಾಂ ಕಳೆದುಕೊಳ್ಳುತ್ತದೆ. ಒಳಗೆ ತಾಮ್ರ ಇದ್ದರೆ ಸುಮಾರು 0.35. ಜೇಬು ತಕ್ಕಡಿ ಒಂದು ಅಂಕಿ ಆಚೀಚೆ ತೋರಿಸಿದರೂ ಲೆಕ್ಕ ಕೆಡುತ್ತದೆ. ಹಾಗಾಗಿ ತಾಮ್ರದ ಹೊಟ್ಟೆಯನ್ನು ಅನುಮಾನಿಸಲು ಇದು ಸಾಕು, ಬೆಳ್ಳಿ ಎಷ್ಟು ಶುದ್ಧ ಅಂತ ಹೇಳಲು ಸಾಲದು.

ಒಂದು ಮಾತು ಕೈಮುಗಿದು ಹೇಳುತ್ತೇನೆ. ನಾಣ್ಯವನ್ನು ಅಕ್ಕಸಾಲಿಗರ ಅಂಗಡಿಗೆ ಒಯ್ದು ಒರೆಗಲ್ಲಿಗೆ ಉಜ್ಜಿಸಬೇಡಿ. ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಬೇಡಿ. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದ ಬೆಳ್ಳಿ ಹಪ್ಪಳದ ಹಾಗೆ ಮುರಿಯಬಹುದು.

ಆರನೇ ಹೆಜ್ಜೆ: ಮನೆಗೆ ಬಂದ ಮೇಲೆ

ನಮ್ಮ ಮನೆಗಳಲ್ಲಿ ಹಬ್ಬ ಬಂದರೆ ಬೆಳ್ಳಿ ದೀಪ, ಕುಂಕುಮದ ಬಟ್ಟಲು ಎಲ್ಲ ವಿಭೂತಿಯಲ್ಲೋ ಹಲ್ಲುಪುಡಿಯಲ್ಲೋ ತಿಕ್ಕಿ ಫಳಫಳ ಅನ್ನಿಸುತ್ತೇವೆ. ಆ ಕೈ ನಾಣ್ಯದ ಕಡೆ ಹೋಗದಿರಲಿ. ಮೇಲಿರುವ ಕಪ್ಪು, ನೀಲಿ, ಜೇನಿನ ಬಣ್ಣದ ಪೊರೆ ಕೊಳೆಯಲ್ಲ. ಅದು ಬೆಳ್ಳಿಯ ವಯಸ್ಸು. ಉಜ್ಜಿದ ನಾಣ್ಯದ ಬೆಲೆ ಅಲ್ಲೇ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೂದಲಿನ ಎಳೆ, ಅಕ್ಷರದ ಅಂಚು ಸವೆದು ಹೋಗುತ್ತವೆ. ಹೋದದ್ದು ವಾಪಸ್ ಬರುವುದಿಲ್ಲ. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿಡಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ. ಅಷ್ಟೇ.

ಹಿಡಿಯುವುದು ಅಂಚಿನಲ್ಲಿ ಮಾತ್ರ. ಕೆಳಗೆ ಒಂದು ಟವೆಲ್ ಹಾಸಿಕೊಳ್ಳಿ. ಪೇಟೆಯಲ್ಲಿ ಸಿಗುವ ಮೆತ್ತನೆ ಪಿವಿಸಿ ಆಲ್ಬಂ ಬೇಡ. ವರ್ಷಗಳಾದ ಮೇಲೆ ಅದು ಹಸಿರು ಅಂಟು ಬಿಡುತ್ತದೆ. ಆಮ್ಲವಿಲ್ಲದ ಕಾಗದದ ಸಣ್ಣ ಲಕೋಟೆ ಅಥವಾ ಮೈಲಾರ್ ಅನ್ನುವ ಪ್ಲಾಸ್ಟಿಕ್ಕಿನ ಕವರ್ ಬಳಸಿ. ರಬ್ಬರ್ ಬ್ಯಾಂಡ್ ಹತ್ತಿರವೂ ಇರಬಾರದು, ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಕರಾವಳಿ, ಮಲೆನಾಡಿನವರು ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ.

ಆಮೇಲೆ ಚೀಟಿ. ಪ್ರತಿ ನಾಣ್ಯಕ್ಕೂ ಒಂದು. ದೊರೆ, ನಾಣ್ಯದ ಬಗೆ, ಟಂಕಸಾಲೆ, ಕಾಲ, ತೂಕ, ಅಡ್ಡಳತೆ, ಎರಡೂ ಬದಿಯ ಬರಹ, ಕ್ಯಾಟಲಾಗ್ ಸಂಖ್ಯೆ. ಯಾರಿಂದ ಕೊಂಡದ್ದು, ಯಾವತ್ತು, ಎಷ್ಟಕ್ಕೆ. ಹಿಂದಿನ ಮಾಲೀಕರ ಚೀಟಿ ಇದ್ದರೆ ಅದನ್ನು ಎಸೆಯಬೇಡಿ, ನಿಮ್ಮ ಚೀಟಿಯ ಹಿಂದೆ ಸೇರಿಸಿ ಇಡಿ. ಬಿಲ್ಲನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ನಾಣ್ಯದ ಫೋಟೋ ತೆಗೆಯಲು ಬೆಳಗಿನ ಕಿಟಕಿ ಬೆಳಕು ಸಾಕು. ಬೆಳಕು ಒಂದು ಪಕ್ಕದಿಂದ ಬರಲಿ, ಫ್ಲ್ಯಾಶ್ ಬೇಡ.

ಕೊಳ್ಳದೆಯೂ ಕಲಿಯಬಹುದು. ಚೆನ್ನೈಗೆ ಹೋದರೆ ಎಗ್ಮೋರ್‌ನ ಸರ್ಕಾರಿ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ.

ನನ್ನ ಟ್ರಾಜನ್ ಲಕೋಟೆಯಲ್ಲಿ ಈಗ ಮೂರು ಚೀಟಿ ಇವೆ. ಒಂದು ನನ್ನದು. ಒಂದು ನಾನು ಕೊಂಡ ವ್ಯಾಪಾರಿಯದು. ಮೂರನೆಯದು ಹಳದಿಯಾದ ಸಣ್ಣ ದುಂಡು ಕಾಗದ, ಮೇಲೆ ನೀಲಿ ಶಾಯಿಯಲ್ಲಿ ಯಾರದೋ ಅಂದವಾದ ಕೈಬರಹ: ಟ್ರಾಜನ್, 103–111, ಮತ್ತು ಒಂದು ಬೆಲೆ. ಬರೆದವರು ಯಾರು ಅಂತ ಇನ್ನೂ ಪತ್ತೆಯಾಗಿಲ್ಲ. ಹಳೆಯ ಹರಾಜು ಕ್ಯಾಟಲಾಗುಗಳ ಚಿತ್ರ ತಿರುವಿಹಾಕುತ್ತಾ, ಅಂಚಿನ ಆ ಬಿರುಕನ್ನು ಹುಡುಕುತ್ತಾ ಇದ್ದೇನೆ.